ಬ್ಯಾಟರಿ ನೀರಿನ ನಿರ್ವಹಣೆ: ಹತ್ತು ನಿಮಿಷದ ಕೆಲಸ, ಮಾಲೀಕರ ಹೊಣೆ

ಸರಕು ಸಾಗಣೆಯ ವಾಹನ ಇಟ್ಟುಕೊಂಡಿರುವ ವರ್ತಕರ ಲೆಕ್ಕಪುಸ್ತಕದಲ್ಲಿ ಡೀಸೆಲ್, ಟೈರು, ವಿಮೆ, ರಸ್ತೆ ತೆರಿಗೆ, ಚಾಲಕರ ಭತ್ಯೆ ಇವುಗಳಿಗೆಲ್ಲ ಒಂದೊಂದು ಪುಟವಿರುತ್ತದೆ. ಬ್ಯಾಟರಿಗೆ ಮಾತ್ರ ಸಾಮಾನ್ಯವಾಗಿ ಪುಟವಿರುವುದಿಲ್ಲ. ಹೊಸದನ್ನು ಕೊಂಡ ದಿನ ಒಮ್ಮೆ, ಅದು ಕೈಕೊಟ್ಟ ದಿನ ಇನ್ನೊಮ್ಮೆ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ನಡುವಿನ ಅವಧಿಯಲ್ಲಿ ಅದರ ಆರೈಕೆ ಲಾರಿಯ ಕ್ಲೀನರ್ ಅಥವಾ ಅಂಗಡಿಯ ಸಹಾಯಕನ ಪಾಲಿಗೆ ಬಿಟ್ಟದ್ದು. "ನೀರು ಕಡಿಮೆಯಿದ್ದರೆ ಸ್ವಲ್ಪ ಹಾಕಿಬಿಡು" ಎಂಬ ಒಂದು ಮಾತಿನಲ್ಲಿ ಆ ಕೆಲಸದ ವಿವರಣೆ ಮುಗಿದುಹೋಗುತ್ತದೆ.

ಆದರೆ ಆ ಪೆಟ್ಟಿಗೆಯೊಳಗೆ ಇರುವುದು ಬಟ್ಟೆಯನ್ನು ಸುಟ್ಟು ತೂತು ಮಾಡುವ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಸಿಯಬಲ್ಲ ಗಂಧಕಾಮ್ಲ. ಅದರ ಮುಚ್ಚಳದಿಂದ ಹೊರಬರುವುದು ಒಂದು ಕಿಡಿಗೆ ಸಿಡಿಯಬಲ್ಲ ಜಲಜನಕ. ಏನನ್ನು, ಎಷ್ಟು, ಯಾವಾಗ ಹಾಕಬೇಕು ಎಂಬ ತಿಳಿವಳಿಕೆಯಿಲ್ಲದೆ ಮಾಡಿದ ಆರೈಕೆ ಬ್ಯಾಟರಿಗೆ ನಿರ್ಲಕ್ಷ್ಯದಷ್ಟೇ ಹಾನಿಕರ; ಮಾಡುವವನಿಗೆ ಅದಕ್ಕಿಂತಲೂ ಅಪಾಯಕರ. ಕ್ರಮವರಿತು ಮಾಡಿದರೆ ಇದು ಹತ್ತು ನಿಮಿಷದ, ಅತ್ಯಲ್ಪ ಖರ್ಚಿನ ಕೆಲಸ. ಆ ಕ್ರಮವನ್ನು ಕಲಿಸಿಕೊಡುವುದು ಮಾಲೀಕರ ಕರ್ತವ್ಯ.

ಕಡಿಮೆಯಾಗುವುದು ನೀರು, ಆಮ್ಲವಲ್ಲ

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ವಿಜ್ಞಾನಿ ಗಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ತಯಾರಿಕೆಯ ವಿಧಾನಗಳು ಬಹಳ ಸುಧಾರಿಸಿದ್ದರೂ ಮೂಲತತ್ವ ಇಂದಿಗೂ ಅದೇ. 12 ವೋಲ್ಟಿನ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟಿನ ಆರು ಕೋಶಗಳಿರುತ್ತವೆ. ಪ್ರತಿ ಕೋಶದಲ್ಲೂ ಸೀಸದ ಫಲಕಗಳು ಗಂಧಕಾಮ್ಲ ಮತ್ತು ನೀರಿನ ಮಿಶ್ರಣದಲ್ಲಿ ಮುಳುಗಿರುತ್ತವೆ. ಪೂರ್ತಿ ಚಾರ್ಜ್ ಆದ ಸ್ಥಿತಿಯಲ್ಲಿ ಈ ದ್ರವದ ತೂಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಆಮ್ಲ, ಉಳಿದದ್ದು ನೀರು.

ಬ್ಯಾಟರಿಯಿಂದ ವಿದ್ಯುತ್ ಪಡೆದಂತೆ ಆಮ್ಲದ ಅಂಶ ಫಲಕಗಳನ್ನು ಸೇರಿ ದ್ರವ ತೆಳುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಫಲಕಗಳನ್ನು ಬಿಟ್ಟು ದ್ರವಕ್ಕೇ ಮರಳುತ್ತದೆ. ಅಂದರೆ ಆಮ್ಲ ಖರ್ಚಾಗುವ ವಸ್ತುವಲ್ಲ. ಹೋಗಿ ಬರುವ ವಸ್ತು. ನೀರಿನ ವಿಷಯ ಹಾಗಲ್ಲ. ಚಾರ್ಜಿಂಗ್ ಕೊನೆಯ ಹಂತ ತಲುಪಿದಾಗ ವಿದ್ಯುತ್ತು ನೀರನ್ನೇ ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಈ ಅನಿಲಗಳು ಮುಚ್ಚಳದ ರಂಧ್ರದ ಮೂಲಕ ಹೊರಹೋಗುತ್ತವೆ. ಬಿಸಿಲಿಗೆ ಆವಿಯಾಗುವುದೂ ನೀರೇ. ಆದುದರಿಂದ ಮಟ್ಟ ಇಳಿದ ಬ್ಯಾಟರಿಗೆ ತುಂಬಬೇಕಾದುದು ಶುದ್ಧ ನೀರು ಮಾತ್ರ.

ಬ್ಯಾಟರಿ ಮಂಕಾಗಿದೆ ಎಂದು ಆಮ್ಲ ಸುರಿಸುವ ಪದ್ಧತಿ ತಪ್ಪು. ಚಾರ್ಜ್ ಇಳಿದ ಬ್ಯಾಟರಿಯ ಆಮ್ಲ ಫಲಕಗಳಲ್ಲಿ ಅಡಗಿರುತ್ತದೆ. ಅದರ ಮೇಲೆ ಹೊಸ ಆಮ್ಲ ಹಾಕಿ ಚಾರ್ಜ್ ಮಾಡಿದರೆ ಹಳೆಯದೂ ಹೊರಬಂದು ದ್ರವ ಮಿತಿಮೀರಿ ತೀಕ್ಷ್ಣವಾಗುತ್ತದೆ. ಫಲಕಗಳೂ ಅವುಗಳ ನಡುವಿನ ಹಾಳೆಗಳೂ ಬೇಗನೆ ಸವೆಯುತ್ತವೆ. ಮಾಪಕದಲ್ಲಿ ಅಂಕಿ ಚೆನ್ನಾಗಿ ಕಾಣಿಸುವುದರಿಂದ ಬ್ಯಾಟರಿ ಸುಧಾರಿಸಿತೆಂಬ ಭ್ರಮೆ ಹುಟ್ಟುತ್ತದೆ. ಅದರ ಆಯುಷ್ಯ ಮಾತ್ರ ಕುಗ್ಗುತ್ತದೆ. ವಾಹನ ಮಗುಚಿ ಅಥವಾ ಬ್ಯಾಟರಿ ವಾಲಿ ದ್ರವ ಚೆಲ್ಲಿಹೋಗಿದ್ದರೆ ಮಾತ್ರ ಆಮ್ಲದ ಅಗತ್ಯ ಬರಬಹುದು. ಅದು ತರಬೇತಿ ಪಡೆದ ಬ್ಯಾಟರಿ ಕೆಲಸಗಾರರ ಕೆಲಸ.

ಬೇಸಿಗೆಯ ಹೊಡೆತ

ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಎಂಜಿನ್ನಿನ ಪಕ್ಕದಲ್ಲಿರುವ ಬ್ಯಾಟರಿಗೆ ಇದಕ್ಕಿಂತಲೂ ಹೆಚ್ಚಿನ ಶಾಖ ತಟ್ಟುತ್ತದೆ. ಉಷ್ಣಾಂಶ ಸುಮಾರು 10 ಡಿಗ್ರಿ ಹೆಚ್ಚಾದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ಲೆಕ್ಕ. ನೀರು ಇಳಿಯುವ ವೇಗವೂ ಹೆಚ್ಚುತ್ತದೆ. ಮಟ್ಟ ಫಲಕಗಳಿಗಿಂತ ಕೆಳಗಿಳಿದರೆ ಗಾಳಿಗೆ ತೆರೆದುಕೊಂಡ ಭಾಗ ಗಡುಸಾಗಿ, ಮುಂದೆ ನೀರು ತುಂಬಿದರೂ ಮೊದಲಿನಂತೆ ಕೆಲಸ ಮಾಡುವುದಿಲ್ಲ. ನಿತ್ಯ ಓಡುವ ವಾಹನದ ಬ್ಯಾಟರಿಯನ್ನು ತಿಂಗಳಿಗೊಮ್ಮೆಯೂ ಕಡುಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯೂ ನೋಡುವ ಪರಿಪಾಠ ಒಳ್ಳೆಯದು.

ಯಾವ ನೀರು?

ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸು ಎಂಬುದು ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರದಿಂದಲೇ ತಿಳಿಯುತ್ತದೆ. ಆ ನೀರಿನಲ್ಲಿರುವ ಸುಣ್ಣ, ಕಬ್ಬಿಣ, ಕ್ಲೋರೈಡುಗಳು ಬ್ಯಾಟರಿಗೆ ಸೇರಿದರೆ ಹೊರಬರುವುದಿಲ್ಲ. ನೀರು ಆರಿಹೋಗುತ್ತದೆ, ಲವಣ ಉಳಿಯುತ್ತದೆ. ಪ್ರತಿ ಸಲ ತುಂಬಿದಾಗಲೂ ಅದರ ಪ್ರಮಾಣ ಬೆಳೆಯುತ್ತದೆ. ಕಬ್ಬಿಣದಂತಹ ಲೋಹಾಂಶ ಸೇರಿದ ಬ್ಯಾಟರಿ ನಿಲ್ಲಿಸಿದಲ್ಲಿಯೇ ಚಾರ್ಜ್ ಕಳೆದುಕೊಳ್ಳತೊಡಗುತ್ತದೆ.

ನೀರನ್ನು ಕುದಿಸಿ ಆರಿಸಿದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ. ಕುದಿಸುವುದರಿಂದ ಕ್ರಿಮಿ ಸಾಯಬಹುದು, ಕಬ್ಬಿಣ ಮತ್ತು ಕ್ಲೋರೈಡ್ ಹೋಗುವುದಿಲ್ಲ. ಕುಡಿಯುವ ನೀರಿನ ಆರ್‌ಒ ಯಂತ್ರ ಲವಣವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ರುಚಿಗಾಗಿ ಖನಿಜಾಂಶವನ್ನು ಮರಳಿ ಬೆರೆಸುವ ಯಂತ್ರಗಳೂ ಇವೆ. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಬಳಸುವವರಿದ್ದಾರೆ. ಅದು ಲೋಹದ ಸುರುಳಿಯ ಮೇಲೆ, ಧೂಳಿನ ಮೂಲಕ ಹರಿದು ಬಂದ ನೀರೆಂಬುದನ್ನು ಮರೆಯಬಾರದು. ಬ್ಯಾಟರಿಯ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1069 ಎಂಬ ಪ್ರತ್ಯೇಕ ಮಾನಕವಿದೆ. ಭಟ್ಟಿ ಇಳಿಸಿದ ಅಥವಾ ಖನಿಜ ತೆಗೆದ ನೀರನ್ನು ಮೊಹರು ಮಾಡಿದ ಕ್ಯಾನಿನಲ್ಲಿಯೇ ಕೊಳ್ಳುವುದು ಕ್ಷೇಮ. ಆಮ್ಲದ ಕ್ಯಾನು, ನೀರಿನ ಕ್ಯಾನು ನೋಡಲು ಒಂದೇ ತರಹ ಇರುವುದರಿಂದ ಪ್ರತಿ ಸಲವೂ ಚೀಟಿಯನ್ನು ಓದಿಯೇ ಕೈಗೆತ್ತಿಕೊಳ್ಳಬೇಕು. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಆಮ್ಲವನ್ನು ಎಂದಿಗೂ ಶೇಖರಿಸಕೂಡದು. ಬಾಯಾರಿ ಬಂದವರು ಅದನ್ನು ನೀರೆಂದು ಎತ್ತಿ ಕುಡಿಯುವ ಸಂಭವವಿದೆ.

ಕೆಲಸಕ್ಕೆ ಮೊದಲು

ಮೊದಲಿಗೆ ಬ್ಯಾಟರಿ ಯಾವ ಬಗೆಯದೆಂದು ತಿಳಿಯಬೇಕು. ಮೊಹರಾದ, ನಿರ್ವಹಣೆ ಬೇಡದ ಬ್ಯಾಟರಿಗಳಿಗೆ ನೀರು ತುಂಬುವ ಮುಚ್ಚಳವಿರುವುದಿಲ್ಲ. ಅವನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ತೆಗೆಯುವ ಪ್ರಯತ್ನ ಸಲ್ಲದು. ಲಿಥಿಯಂ ಬ್ಯಾಟರಿಗಂತೂ ನೀರಿನ ಮಾತೇ ಇಲ್ಲ. ಕೆಲವು ಬ್ಯಾಟರಿಗಳ ಮೇಲೆ ಬಣ್ಣ ತೋರಿಸುವ ಸಣ್ಣ ಗಾಜಿನ ಕಣ್ಣು ಇರುತ್ತದೆ. ಅದು ಆರರಲ್ಲಿ ಒಂದೇ ಕೋಶದ ಸ್ಥಿತಿಯನ್ನು ಸೂಚಿಸುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ.

ಕೆಲಸಕ್ಕೆ ಬೇಕಾದ ಸಾಮಗ್ರಿ ಹೆಚ್ಚೇನೂ ಇಲ್ಲ: ಪಕ್ಕಗಳೂ ಮುಚ್ಚಿರುವ ರಕ್ಷಣಾ ಕನ್ನಡಕ, ರಬ್ಬರ್ ಕೈಗವಸು, ಹಳೆಯ ಏಪ್ರನ್, ಪ್ಲಾಸ್ಟಿಕ್ ಆಲಿಕೆ, ಟಾರ್ಚು, ಅಡುಗೆ ಸೋಡಾ. ಪಕ್ಕದಲ್ಲಿ ನಲ್ಲಿ ಅಥವಾ ತುಂಬಿದ ಬಕೆಟ್ ನೀರು ಕಡ್ಡಾಯ. ದೃಷ್ಟಿದೋಷಕ್ಕಾಗಿ ಧರಿಸುವ ಕನ್ನಡಕ ರಕ್ಷಣಾ ಕನ್ನಡಕಕ್ಕೆ ಬದಲಿಯಲ್ಲ, ಆಮ್ಲದ ಹನಿ ಪಕ್ಕದಿಂದ ಸಿಡಿಯಬಹುದು. ಉಂಗುರ, ಕಡಗ, ಲೋಹದ ಪಟ್ಟಿಯ ಗಡಿಯಾರ, ಕೊರಳಿನ ಸರ ಇವನ್ನು ತೆಗೆದಿಡಬೇಕು. ಉಂಗುರ ತೊಟ್ಟ ಕೈಯಿಂದ ಹಿಡಿದ ಸ್ಪ್ಯಾನರ್ ಟರ್ಮಿನಲ್ಲಿಗೂ ವಾಹನದ ಮೈಗೂ ತಗುಲಿದರೆ ಕ್ಷಣಾರ್ಧದಲ್ಲಿ ಲೋಹ ಕಾದು ಬೆರಳು ಸುಡುತ್ತದೆ.

ಜಲಜನಕ ಗಾಳಿಯಲ್ಲಿ ಶೇಕಡ 4ರಷ್ಟು ಬೆರೆತರೂ ಹೊತ್ತಿಕೊಳ್ಳಬಲ್ಲದು. ಬೀಡಿ, ಸಿಗರೇಟು, ಊದುಬತ್ತಿ, ವೆಲ್ಡಿಂಗ್ ಯಾವುದೂ ಹತ್ತಿರ ಇರಬಾರದು. ಕತ್ತಲಲ್ಲಿ ಕೋಶದೊಳಗಿನ ಮಟ್ಟ ಕಾಣದೆಂದು ಬೆಂಕಿಕಡ್ಡಿ ಗೀರಿ ಅಥವಾ ಲೈಟರ್ ಹಚ್ಚಿ ಇಣುಕುವ ಅಭ್ಯಾಸ ಪ್ರಾಣಾಂತಿಕ. ಅನಿಲ ಹೊತ್ತಿದರೆ ಸಿಡಿಯುವುದು ಬ್ಯಾಟರಿ, ಇಣುಕುತ್ತಿರುವುದು ಮುಖ. ಆಯುಧಪೂಜೆಯಂದು ಬಾನೆಟ್ ಎತ್ತಿ ಕರ್ಪೂರ ಬೆಳಗುವಾಗಲೂ ಬ್ಯಾಟರಿಯಿಂದ ದೂರವಿರುವುದು ಒಳಿತು.

ಪರಿಶೀಲನೆಯ ಕ್ರಮ

1. ವಾಹನವನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಮತ್ತು ದೀಪಗಳನ್ನು ಆರಿಸಬೇಕು. ಹೊರಗಿನ ಚಾರ್ಜರ್ ಜೋಡಿಸಿದ್ದರೆ ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ, ಅನಂತರವೇ ಕ್ಲಿಪ್ಪುಗಳನ್ನು ತೆಗೆಯಬೇಕು. ಅನಿಲ ಚದುರಲು ಕೆಲವು ನಿಮಿಷ ಕಾಯಬೇಕು.

2. ತಂತಿಗಳನ್ನು ಬಿಚ್ಚಬೇಕಾದ ಸಂದರ್ಭವಿದ್ದರೆ ಋಣ ಅಂದರೆ ಮೈನಸ್ ಟರ್ಮಿನಲ್ ಮೊದಲು, ಧನ ಟರ್ಮಿನಲ್ ಆಮೇಲೆ. ಜೋಡಿಸುವಾಗ ಧನ ಮೊದಲು, ಋಣ ಕೊನೆಗೆ. ಇಂದಿನ ವಾಹನಗಳಲ್ಲಿ ಋಣ ತಂತಿಯು ಚಾಸಿಗೆ ಸೇರಿರುವುದರಿಂದ ಅದನ್ನು ಮೊದಲು ಬಿಚ್ಚಿದರೆ ಸ್ಪ್ಯಾನರ್ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ.

3. ಮುಚ್ಚಳ ತೆಗೆಯುವ ಮೊದಲು ಬ್ಯಾಟರಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಧೂಳು ಕೋಶದೊಳಗೆ ಬೀಳಬಾರದು. ಟರ್ಮಿನಲ್ಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಸೋಡಾ ಕಲಸಿದ ನೀರಿನಿಂದ ತೊಳೆಯುವುದಾದರೆ ಮುಚ್ಚಳಗಳು ಬಿಗಿಯಾಗಿರುವಾಗಲೇ ತೊಳೆಯಬೇಕು. ಸೋಡಾ ಒಳಗೆ ಹೋದರೆ ಆಮ್ಲದ ಶಕ್ತಿ ಕುಂದುತ್ತದೆ.

4. ಹೊರಮೈಯಲ್ಲಿ ಮೇಲಿನ ಮತ್ತು ಕೆಳಗಿನ ಮಟ್ಟದ ಗೆರೆಗಳಿದ್ದರೆ ದ್ರವ ಅವೆರಡರ ನಡುವೆ ಇರಬೇಕು. ಗೆರೆ ಇಲ್ಲದ ಬ್ಯಾಟರಿಯಲ್ಲಿ ಮುಚ್ಚಳ ತೆಗೆದು, ಮುಖವನ್ನು ನೇರ ಮೇಲೆ ತರದೆ, ಟಾರ್ಚಿನ ಬೆಳಕಿನಲ್ಲಿ ನೋಡಬೇಕು. ಫಲಕಗಳು ಮುಳುಗಿ ಅವುಗಳ ಮೇಲೆ ಸುಮಾರು 10ರಿಂದ 15 ಮಿಲಿಮೀಟರ್ ದ್ರವ ನಿಂತಿರುವುದು ಸಾಮಾನ್ಯ ಅಳತೆ. ತಯಾರಕರ ಸೂಚನೆ ಬೇರೆಯಿದ್ದರೆ ಅದೇ ಅಂತಿಮ.

5. ನೀರು ತುಂಬಬೇಕಾದುದು ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ದ್ರವದ ಮಟ್ಟ ಏರುತ್ತದೆ. ಮೊದಲೇ ಅಂಚಿನವರೆಗೆ ತುಂಬಿಟ್ಟರೆ ಅದು ಉಕ್ಕಿ ಹರಿದು ಟ್ರೇ, ತಂತಿ, ಚಾಸಿಗಳನ್ನು ತಿನ್ನುತ್ತದೆ. ಹೀಗೆ ಹರಿದುಹೋಗುವುದು ಆಮ್ಲವೂ ಹೌದು. ಮರುದಿನ ಆ ಜಾಗಕ್ಕೆ ನೀರು ಹಾಕಿದರೆ ಬ್ಯಾಟರಿ ದುರ್ಬಲವಾಗುತ್ತದೆ. ಫಲಕಗಳು ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ನೀರು ಹಾಕಿ, ಚಾರ್ಜ್ ಮಾಡಿ, ಉಳಿದದ್ದನ್ನು ಅನಂತರ ತುಂಬಬೇಕು.

6. ಆಲಿಕೆಯಿಂದ ನಿಧಾನವಾಗಿ, ಒಂದೊಂದೇ ಕೋಶಕ್ಕೆ ಹಾಕಬೇಕು. ಮುಚ್ಚಳಗಳನ್ನು ಬಿಗಿಮಾಡಿ ಮೇಲ್ಭಾಗ ಒರೆಸಿ, ಟರ್ಮಿನಲ್ಲುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಮುಚ್ಚಳದ ಸಣ್ಣ ರಂಧ್ರಗಳು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅನಿಲಕ್ಕೆ ಇರುವುದು ಅದೊಂದೇ ದಾರಿ. ಕೊನೆಗೆ ಕೈಗವಸನ್ನು ತೊಳೆದು ಕಳಚಿ, ಕೈಯನ್ನೂ ತೊಳೆಯಬೇಕು.

ಹೈಡ್ರೋಮೀಟರ್ ಹೇಳುವ ಮಾತು

ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್ ದುಬಾರಿಯ ಉಪಕರಣವಲ್ಲ. ಸಾಮಾನ್ಯ ವಾಹನದ ಬ್ಯಾಟರಿಯಲ್ಲಿ 1.265ರ ಆಸುಪಾಸಿನ ಅಂಕಿ ಪೂರ್ಣ ಚಾರ್ಜನ್ನೂ, 1.190ರ ಸುಮಾರು ಅರ್ಧ ಚಾರ್ಜನ್ನೂ, 1.120ರ ಸುಮಾರು ಬರಿದಾದ ಸ್ಥಿತಿಯನ್ನೂ ಸೂಚಿಸುತ್ತದೆ. ಕಾರ್ಯಾಗಾರಗಳಲ್ಲಿ ಇವನ್ನೇ 1265, 1190 ಎಂದು ಓದುವ ರೂಢಿ. ಬಿಸಿ ಪ್ರದೇಶಕ್ಕೆಂದು ತಯಾರಾದ ಬ್ಯಾಟರಿಗಳಲ್ಲಿ ಪೂರ್ಣ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ದ್ರವ ಬಿಸಿಯಾಗಿದ್ದರೂ ಅಂಕಿ ತುಸು ಇಳಿಯುತ್ತದೆ. ಪ್ರತಿ 10 ಡಿಗ್ರಿಗೆ ಸುಮಾರು 0.007ರಷ್ಟು ಸೇರಿಸಿ ಓದಬೇಕು. ನೀರು ಹಾಕಿದ ಕೂಡಲೇ ಅಳೆದರೆ ಫಲವಿಲ್ಲ. ಅದು ಇನ್ನೂ ಮೇಲೆಯೇ ನಿಂತಿರುತ್ತದೆ, ವಾಹನ ಓಡಿ ಬೆರೆತ ಮೇಲೆ ಅಳೆಯಬೇಕು. ಆರು ಕೋಶಗಳಲ್ಲಿ ಒಂದರ ಅಂಕಿ ಉಳಿದವಕ್ಕಿಂತ 0.050ರಷ್ಟು ಕಡಿಮೆಯಿದ್ದರೆ ಆ ಬ್ಯಾಟರಿ ದೂರ ಪ್ರಯಾಣಕ್ಕೆ ತಕ್ಕದ್ದಲ್ಲ.

ನೀರಿಗೂ ಒಂದು ಖಾತೆ

ವರ್ತಕರಿಗೆ ಖಾತೆ ಬರೆಯುವುದು ಹೊಸತಲ್ಲ. ಪ್ರತಿ ವಾಹನದ ಬ್ಯಾಟರಿಗೆ ಒಂದು ಪುಟ ತೆರೆದು ದಿನಾಂಕ, ಪ್ರತಿ ಕೋಶಕ್ಕೆ ಹಾಕಿದ ನೀರು, ಹೈಡ್ರೋಮೀಟರಿನ ಅಂಕಿ, ಕೆಲಸ ಮಾಡಿದವರ ಹೆಸರು ಇಷ್ಟನ್ನು ಬರೆದರೆ ಮೂರು ನಾಲ್ಕು ತಿಂಗಳಲ್ಲಿ ಆ ಪುಟವೇ ರೋಗವನ್ನು ಹೇಳತೊಡಗುತ್ತದೆ.

ಆರೂ ಕೋಶಗಳು ಮೊದಲಿಗಿಂತ ಹೆಚ್ಚು ನೀರು ಬೇಡುತ್ತಿದ್ದರೆ ದೋಷ ಬ್ಯಾಟರಿಯಲ್ಲಿರದೆ ಚಾರ್ಜಿಂಗ್ ವ್ಯವಸ್ಥೆಯಲ್ಲಿರಬಹುದು. 12 ವೋಲ್ಟಿನ ವಾಹನದ ಆಲ್ಟರ್ನೇಟರ್ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ನೀಡಬೇಕು. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟಿನ ಲಾರಿಗಳಲ್ಲಿ ಇದರ ಎರಡರಷ್ಟು. ರೆಗ್ಯುಲೇಟರ್ ಕೆಟ್ಟು ವೋಲ್ಟೇಜು ಇದಕ್ಕಿಂತ ಮೇಲೇರಿದರೆ ನೀರು ಅನಿಲವಾಗಿ ಹೋಗುತ್ತಲೇ ಇರುತ್ತದೆ. ಇಂತಹ ವಾಹನಕ್ಕೆ ಬ್ಯಾಟರಿ ಬದಲಿಸಿದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಒಂದೇ ಕೋಶ ಮಾತ್ರ ಹೆಚ್ಚು ನೀರು ಬೇಡಿದರೆ ಆ ಕೋಶದೊಳಗೆ ದೋಷವಿದೆ ಅಥವಾ ಪೆಟ್ಟಿಗೆ ಸೀಳಿದೆ. ಟ್ರೇಯ ಕೆಳಗೆ ಒದ್ದೆಯಿದೆಯೇ ಎಂದು ನೋಡಿದರೆ ಉತ್ತರ ಸಿಗುತ್ತದೆ. ಖಾತೆಯಿಲ್ಲದ ಕಡೆ ಈ ಸೂಚನೆಗಳು ಯಾರ ಕಣ್ಣಿಗೂ ಬೀಳದೆ, ಮಾಲು ತುಂಬಿದ ಲಾರಿ ಹೆದ್ದಾರಿಯಲ್ಲಿ ನಿಂತ ಮೇಲೆಯೇ ಗೊತ್ತಾಗುತ್ತದೆ.

ಅಂಗಡಿಯ ಇನ್ವರ್ಟರ್

ಮಳಿಗೆ, ಕಚೇರಿಗಳ ಇನ್ವರ್ಟರ್ ಬ್ಯಾಟರಿಗೂ ಇದೇ ನಿಯಮ. ಅದರ ಕೋಶಗಳ ಮೇಲಿನ ತೇಲುಸೂಚಕ ನೀರಿನ ಮಟ್ಟವನ್ನು ತೋರಿಸುತ್ತದೆ. ಹೆಚ್ಚಿನ ಅಪಾಯವಿರುವುದು ಅದನ್ನಿಡುವ ಜಾಗದಲ್ಲಿ. ಮೆಟ್ಟಿಲಿನ ಕೆಳಗಿನ ಮುಚ್ಚಿದ ಗೂಡು, ರಟ್ಟಿನ ಪೆಟ್ಟಿಗೆಗಳ ರಾಶಿಯ ನಡುವೆ, ದೀಪ ಬೆಳಗುವ ದೇವರ ಪಟದ ಕೆಳಗೆ ಇವು ಬ್ಯಾಟರಿಗೆ ತಕ್ಕ ಸ್ಥಳಗಳಲ್ಲ. ಜಲಜನಕ ಹಗುರವಾದ್ದರಿಂದ ಮೇಲಕ್ಕೇರುತ್ತದೆ. ಮೇಲ್ಭಾಗದಲ್ಲಿ ಗಾಳಿ ಹೊರಹೋಗುವ ಕಿಂಡಿಯಿರುವ, ಮಕ್ಕಳ ಕೈಗೆ ಎಟುಕದ ಜಾಗವನ್ನು ಆರಿಸಬೇಕು.

ಅವಘಡ ಸಂಭವಿಸಿದರೆ

ಕಣ್ಣಿಗೆ ಆಮ್ಲ ಸಿಡಿದರೆ ಕ್ಷಣವೂ ತಡಮಾಡದೆ ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕನಿಷ್ಠ 15 ನಿಮಿಷ ಹರಿಯುವ ಶುದ್ಧ ನೀರಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸಿದ್ದರೆ ಸುಲಭವಾಗಿ ಬರುವಂತಿದ್ದಲ್ಲಿ ತೆಗೆಯಬೇಕು. ಕಣ್ಣುಜ್ಜಕೂಡದು, ಸೋಡಾ, ಎಣ್ಣೆ, ಹಾಲು ಏನನ್ನೂ ಹಾಕಕೂಡದು. ಉರಿ ಕಡಿಮೆಯಾದರೂ ತೊಳೆದ ನಂತರ ನೇತ್ರವೈದ್ಯರಲ್ಲಿಗೆ ಹೋಗಲೇಬೇಕು. ವಾಹನ ಹುಡುಕುವ ಗಡಿಬಿಡಿಯಲ್ಲಿ ತೊಳೆಯುವುದನ್ನು ಬಿಟ್ಟರೆ ಆ ಮೊದಲ ನಿಮಿಷಗಳಲ್ಲಿ ಆದ ಹಾನಿಯನ್ನು ಆಸ್ಪತ್ರೆ ಸರಿಪಡಿಸಲಾರದು. ಚರ್ಮಕ್ಕೆ ತಾಗಿದರೆ ಬಟ್ಟೆ ಕಳಚಿ ಧಾರಾಳವಾಗಿ ನೀರು ಸುರಿಯಬೇಕು. ಆಮ್ಲ ನುಂಗಿದವರಿಗೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಬೇಕು. ನೆಲಕ್ಕೆ ಚೆಲ್ಲಿದ್ದರ ಮೇಲೆ ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ತೊಳೆಯಬಹುದು.

ಕಾನೂನಿನ ಚೌಕಟ್ಟು

ಆಮ್ಲ ಮಾರುವ ಮತ್ತು ದಾಸ್ತಾನಿಡುವ ವರ್ತಕರಿಗೆ ಇನ್ನೂ ಒಂದು ಹೊಣೆಯಿದೆ. ಆಮ್ಲ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ನೀಡಿದ ನಿರ್ದೇಶನದಂತೆ ಚಿಲ್ಲರೆಯಾಗಿ ಆಮ್ಲ ಮಾರುವವರು ಖರೀದಿದಾರರ ವಿಳಾಸ ಮತ್ತು ಮಾರಿದ ಪ್ರಮಾಣವನ್ನು ದಾಖಲಿಸುವ ಪುಸ್ತಕ ಇಡಬೇಕು. ಸರ್ಕಾರ ನೀಡಿದ ಭಾವಚಿತ್ರವಿರುವ ಗುರುತಿನ ಚೀಟಿ ನೋಡಿ, ಉದ್ದೇಶ ಕೇಳಿ ಮಾರಬೇಕು. 18 ವರ್ಷ ತುಂಬದವರಿಗೆ ಮಾರುವಂತಿಲ್ಲ. ದಾಸ್ತಾನನ್ನು ಉಪವಿಭಾಗಾಧಿಕಾರಿಗಳಿಗೆ ಘೋಷಿಸಬೇಕು. ತಪ್ಪಿದರೆ 50,000 ರೂಪಾಯಿಯವರೆಗೆ ದಂಡ ವಿಧಿಸಬಹುದು.

ಹಳೆಯ ಬ್ಯಾಟರಿಯ ವಿಲೇವಾರಿಗೆ 2001ರ ನಿಯಮಗಳ ಬದಲು 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದವು. ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ, ಸಂಗ್ರಹ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೇ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಆಮ್ಲವನ್ನು ಚರಂಡಿಗೆ ಸುರಿದು ಸೀಸವನ್ನಷ್ಟೇ ಗುಜರಿಗೆ ತೂಗಿಕೊಡುವುದರಿಂದ ನಾಲ್ಕು ಕಾಸು ಸಿಗಬಹುದು. ಆ ಸೀಸವನ್ನು ಬಯಲಲ್ಲಿ ಕರಗಿಸುವ ಹೊಗೆ ಸುತ್ತಲಿನ ಮಕ್ಕಳ ಮೆದುಳಿಗೆ ವಿಷವಾಗುತ್ತದೆ.

ಮಾಲೀಕರು ಮಾಡಬೇಕಾದುದು

ಈ ಕೆಲಸವನ್ನು ಯಾರು ಮಾಡಬೇಕೆಂದು ಹೆಸರಿಸಿ ನಿಗದಿಪಡಿಸುವುದು, ಅವರಿಗೆ ಒಮ್ಮೆ ಎದುರಿನಲ್ಲಿ ಮಾಡಿ ತೋರಿಸುವುದು, ಕನ್ನಡಕ ಮತ್ತು ಕೈಗವಸನ್ನು ನೀರಿನ ಕ್ಯಾನಿನ ಜೊತೆಯಲ್ಲೇ ಇರಿಸುವುದು, ಅವಿಲ್ಲದೆ ಮುಚ್ಚಳ ತೆಗೆಯಬಾರದೆಂದು ಕಟ್ಟುನಿಟ್ಟು ಮಾಡುವುದು: ಮಾಲೀಕರಿಂದ ಅಪೇಕ್ಷಿತವಾದುದು ಇಷ್ಟೇ. ಬ್ಯಾಟರಿ ಹಾಳಾದರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ದಿನಗೂಲಿಗೆ ಬಂದ ಹುಡುಗನ ಕಣ್ಣು ಹೋದರೆ ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಮುಂದಿನ ತಿಂಗಳ ಲೆಕ್ಕ ಬರೆಯುವಾಗ ಬ್ಯಾಟರಿಗೂ ಒಂದು ಪುಟ ತೆರೆದು, ಅದರ ಮೊದಲ ಸಾಲಿನಲ್ಲಿ ಒಂದು ಜೊತೆ ರಕ್ಷಣಾ ಕನ್ನಡಕದ ಖರ್ಚನ್ನು ಬರೆಯುವುದು ಉಚಿತ.